ಹಳೇ ಕಾಂಪ್ಲೆಕ್ಸ್ ಕೆಡವಿಸಬೇಕು, ಯಾರಿಗೆ ಕೊಡೋದು?

ಕಟ್ಟುವ ಬಗ್ಗೆ ಈ ಅಂಕಣಕ್ಕೆ ಪ್ರಶ್ನೆಗಳು ಬರ್ತಾನೇ ಇರುತ್ತವೆ. ಈ ಸಲ ಕೆಡವುವ ಬಗ್ಗೆ ಬಂದ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ. ಅಂಗಡಿ ಸಾಲು, ಟಾಕೀಸು, ಗೋದಾಮು, ಹೀಗೆ ಹಳೇ ವಾಣಿಜ್ಯ ಕಟ್ಟಡ ತೆಗೆದು ಹೊಸದು ಎಬ್ಬಿಸುವ ಕೆಲಸ ಈಗ ಬೆಂಗಳೂರಲ್ಲಷ್ಟೇ ಅಲ್ಲ, ತಾಲೂಕು ಊರುಗಳಲ್ಲೂ ನಡೀತಿದೆ. ಕಟ್ಟೋಕೆ ಎಂಜಿನಿಯರ್ ಬೇಕು ಅಂತ ಎಲ್ಲರಿಗೂ ಗೊತ್ತು. ಒಡೆಯೋಕೆ ಮಾತ್ರ ಯಾರಾದರೂ ಆಗುತ್ತೆ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. ಜೀವ ತೆಗೆಯೋದು ಆ ನಂಬಿಕೆಯೇ.

ಪ್ರಶ್ನೆ: ಸರ್, ಹುಬ್ಬಳ್ಳಿಯಲ್ಲಿ ನಮ್ಮದೊಂದು ಹಳೇ ಕಾಂಪ್ಲೆಕ್ಸ್ ಇದೆ. ಅಪ್ಪ 1980ರ ದಶಕದಲ್ಲಿ ಕಟ್ಟಿಸಿದ್ದು. ನೆಲಮಹಡಿ ಸೇರಿ ಮೂರು ಅಂತಸ್ತು, ಒಂದೊಂದೂ ಸುಮಾರು 4,000 ಚದರಡಿ. ಎರಡೂ ಪಕ್ಕ ಅಂಗಡಿಗಳಿವೆ, ಮುಂದೆ ಓಡಾಟದ ರಸ್ತೆ. ಮೂರು ಜನ ಕಂಟ್ರಾಕ್ಟರ್‌ಗಳು ಬಂದು ನೋಡಿಕೊಂಡು ಹೋದರು. ಒಬ್ಬರು ‘ನಾನೇ ನಿಮಗೆ ಮೂರು ಲಕ್ಷ ಕೊಡ್ತೀನಿ, ಒಳಗಿರೋ ಸಾಮಾನೆಲ್ಲ ನಂದು’ ಅಂದರು. ಇನ್ನೊಬ್ಬರು ‘ನೀವು ಕೊಡೋದು ಬೇಡ, ನಾನೂ ಕೊಡಲ್ಲ’ ಅಂದರು. ಮೂರನೆಯವರು ಆರು ಲಕ್ಷ ಕೇಳ್ತಾರೆ. ಒಂದೇ ಕಟ್ಟಡಕ್ಕೆ ಇಷ್ಟು ವ್ಯತ್ಯಾಸ ಹೇಗೆ? ನನ್ನ ತಮ್ಮ ಮೊದಲನೆಯವರಿಗೇ ಕೊಟ್ಟುಬಿಡೋಣ ಅಂತಿದ್ದಾನೆ. (ಓದುಗರು, ಹುಬ್ಬಳ್ಳಿ)

ಉತ್ತರ: ತಮ್ಮನಿಗೆ ಸ್ವಲ್ಪ ತಡೆಯೋಕೆ ಹೇಳಿ. ಮೂವರೂ ಮೋಸಗಾರರಲ್ಲದೇ ಇರಬಹುದು, ಆದರೆ ಮೂವರೂ ಒಂದೇ ಕೆಲಸಕ್ಕೆ ರೇಟ್ ಹೇಳಿಲ್ಲ. ಅದನ್ನು ಮೊದಲು ಬಿಡಿಸಿ ನೋಡೋಣ.

ಒಡೆಯುವವರಿಗೆ ಆದಾಯ ಬರೋದು ಕಬ್ಬಿಣದಿಂದ. ನಿಮ್ಮದು ಒಟ್ಟು 12,000 ಚದರಡಿ. ಆ ಕಾಲದ ಪಿಲ್ಲರ್ ಕಟ್ಟಡದಲ್ಲಿ ಚದರಡಿಗೆ ಎರಡರಿಂದ ಮೂರು ಕಿಲೋ ಕಬ್ಬಿಣ ಅಂತ ಅಂದಾಜು ಹಿಡಿಯಬಹುದು. ಪಾಯದಲ್ಲಿ ಉಳಿಯೋದು, ತುಂಡಾಗಿ ಹೋಗೋದು ಕಳೆದರೂ 25 ಟನ್ ಆಸುಪಾಸು ಸಿಗುತ್ತದೆ. ಅದರ ಮೇಲೆ ರೋಲಿಂಗ್ ಶಟರ್, ಗ್ರಿಲ್, ವೈರಿನ ತಾಮ್ರ, ಬಾಗಿಲು ಚೌಕಟ್ಟಿನ ಮರ. ನಿಮ್ಮೂರಿನ ಗುಜರಿ ಅಂಗಡಿಯಲ್ಲಿ ಇವತ್ತಿನ ರೇಟ್ ಕೇಳಿ ಗುಣಿಸಿ ನೋಡಿ. ಮೂರು ಲಕ್ಷ ಕೊಡ್ತೀನಿ ಅಂದವರು ಯಾಕೆ ಕೊಡ್ತಾರೆ ಅನ್ನೋದು ನಿಮಗೇ ಗೊತ್ತಾಗುತ್ತದೆ.

ಇನ್ನು ಖರ್ಚಿನ ಕಡೆ. ಐದಿಂಚಿನ ಆರ್‌ಸಿಸಿ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ನಿಮ್ಮ 12,000 ಚದರಡಿ ಅಂದರೆ ಸುಮಾರು 1,115 ಚದರ ಮೀಟರ್. ಬರೀ ಸ್ಲ್ಯಾಬೇ 340 ಟನ್ ಆಯ್ತು. ಬೀಮು, ಪಿಲ್ಲರು, ಗೋಡೆ, ನೆಲದ ಕಲ್ಲು ಎಲ್ಲಾ ಸೇರಿದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ. 10 ಟನ್ನಿನ ಟಿಪ್ಪರಿಗೆ ಹಾಕಿದರೆ ಎಪ್ಪತ್ತು, ಎಂಬತ್ತು, ಇನ್ನೂ ಜಾಸ್ತಿಯೇ ಲೋಡು. ಈ ಲೋಡುಗಳು ಎಲ್ಲಿಗೆ ಹೋಗ್ತವೆ? ಮೂರು ಲಕ್ಷ ಕೊಡುವವರನ್ನು ಎದುರಿಗೆ ಕೂರಿಸಿಕೊಂಡು ಈ ಪ್ರಶ್ನೆ ಕೇಳಿ. ‘ಅದೆಲ್ಲ ನಾವು ನೋಡ್ಕೋತೀವಿ’ ಅಂದರೆ, ರಾತ್ರಿ ಹೊತ್ತು ಕೆರೆ ಅಂಚಿಗೋ ಹಳ್ಳಕ್ಕೋ ಸುರಿದು ಬರ್ತಾರೆ ಅಂತಲೇ ತಿಳಿದುಕೊಳ್ಳಿ. ಕೆರೆಗಳು ಇವತ್ತು ಅರ್ಧಕ್ಕರ್ಧ ತುಂಬಿ ನಿಂತಿರೋದು ಹೂಳಿನಿಂದ ಮಾತ್ರ ಅಲ್ಲ, ಇಂಥ ಲೋಡುಗಳಿಂದಲೂ ಹೌದು. ಇದು ನನಗೆ ನಿಜಕ್ಕೂ ಹೊಟ್ಟೆ ಉರಿಸುವ ವಿಷಯ.

ಕಾನೂನೂ ನಿಮ್ಮನ್ನು ಬಿಡೋದಿಲ್ಲ. ಕಟ್ಟಡ ತ್ಯಾಜ್ಯದ 2016ರ ಕೇಂದ್ರ ನಿಯಮದಲ್ಲಿ ದಿನಕ್ಕೆ 20 ಟನ್ ಅಥವಾ ಒಂದು ಕೆಲಸದಿಂದ ತಿಂಗಳಿಗೆ 300 ಟನ್ ಮುಟ್ಟಿದರೆ ಕಾಂಕ್ರೀಟು, ಮಣ್ಣು, ಇಟ್ಟಿಗೆ ಗಾರೆ, ಕಬ್ಬಿಣ ಮರ ಪ್ಲಾಸ್ಟಿಕ್ ಅಂತ ಬೇರೆ ಬೇರೆ ಮಾಡಬೇಕು, ಕೆಲಸ ಶುರು ಮಾಡುವ ಮುಂಚೆ ವಿಲೇವಾರಿ ಯೋಜನೆ ಕೊಟ್ಟು ಪಾಲಿಕೆಯ ಒಪ್ಪಿಗೆ ಪಡೆಯಬೇಕು ಅಂತಿತ್ತು. ಅದರ ಜಾಗಕ್ಕೆ 2025ರಲ್ಲಿ ಹೊಸ ನಿಯಮ ಹೊರಟಿದೆ, ಜಾರಿ ದಿನಾಂಕ 2026ರ ಏಪ್ರಿಲ್ 1. ಆದ್ದರಿಂದ ನಿಮ್ಮ ಪಾಲಿಕೆಯ ಕಚೇರಿಯಲ್ಲಿ ಈಗ ಏನೇನು ಕಾಗದ ಕೊಡಬೇಕು ಅಂತ ನೀವೇ ಹೋಗಿ ಕೇಳಿ. ಕಂಟ್ರಾಕ್ಟರ್ ಬಾಯಲ್ಲಿ ಕೇಳಿಕೊಂಡು ಸುಮ್ನೆ ಕೂರಬೇಡಿ.

ಈಗ ಮುಖ್ಯವಾದ ಮಾತಿಗೆ ಬರೋಣ. ಮೂವರನ್ನೂ ಒಬ್ಬೊಬ್ಬರಾಗಿ ಕರೆಸಿ, ರೇಟ್ ಮಾತು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿ: ‘ಮೊದಲನೇ ದಿನದಿಂದ ಕೊನೇ ದಿನದವರೆಗೆ ಯಾವುದಾದ ಮೇಲೆ ಯಾವುದು ಒಡೀತೀರಿ?’ ಕೆಲಸ ಗೊತ್ತಿರುವವರು ಮೇಲಿಂದ ಶುರು ಮಾಡಿ ಹೇಳ್ತಾರೆ. ಕರೆಂಟು, ನೀರು ಕಡಿತ, ಮೇಲಿನ ಟ್ಯಾಂಕ್ ಖಾಲಿ ಮಾಡೋದು, ಬಾಗಿಲು ಕಿಟಕಿ ವೈರಿಂಗ್ ಬಿಚ್ಚೋದು, ಪ್ಯಾರಪೆಟ್, ಆಮೇಲೆ ಹೊರಗೆ ಚಾಚಿದ ಸಜ್ಜಾ, ಆಮೇಲೆ ಸ್ಲ್ಯಾಬು, ಬೀಮು, ಕೊನೆಗೆ ಪಿಲ್ಲರು. ಒಂದು ಅಂತಸ್ತು ಪೂರ್ತಿ ಮುಗಿದ ಮೇಲೇ ಕೆಳಗಿನದಕ್ಕೆ ಕೈ. ಕಟ್ಟಿದ ಕ್ರಮಕ್ಕೆ ಸರಿಯಾಗಿ ತಿರುಗುಮುರುಗು. ಕಟ್ಟಡ ಕೆಡವುವಾಗಿನ ಸುರಕ್ಷತೆಗೆ ನಮ್ಮಲ್ಲಿ ಐಎಸ್ 4130 ಅನ್ನುವ ಸಂಹಿತೆ ಇದೆ, 1991ರದ್ದು. ಮೊದಲು ಸರ್ವೆ, ಆಮೇಲೆ ಬರಹದಲ್ಲಿ ಯೋಜನೆ, ಆಮೇಲೆ ಕೆಲಸ ಅಂತ ಅದರಲ್ಲೇ ಇದೆ. ‘ಐಎಸ್ 4130ರ ಪ್ರಕಾರ ಮಾಡ್ತೀರಾ?’ ಅಂತ ಒಂದು ಮಾತು ಹಾಕಿ, ಎದುರಿನವರ ಮುಖ ನೋಡಿ.

ಸಜ್ಜಾ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಜನ ಸಾಯೋದು ಇಲ್ಲೇ. ಅಂಗಡಿ ಮುಂದೆ ಮೂರಡಿ, ನಾಲ್ಕಡಿ ಹೊರಗೆ ಚಾಚಿದ ಸಜ್ಜಾಗೆ ಮುಂದುಗಡೆ ಕಂಬ ಇರೋದಿಲ್ಲ. ಹಿಂದಿನ ಗೋಡೆಯ ಭಾರವೋ ಒಳಗಿನ ಸ್ಲ್ಯಾಬೋ ಅದನ್ನು ಅದುಮಿ ಹಿಡಿದಿರುತ್ತದೆ. ಮೇಲಿನ ಗೋಡೆಯನ್ನು ಮೊದಲು ಒಡೆದುಬಿಟ್ಟರೆ ಆ ಅದುಮಿದ ಭಾರ ಹೋಯ್ತು. ಸಜ್ಜಾ ಮುಂದಕ್ಕೆ ಮಗುಚಿ ನೇರ ಫುಟ್‌ಪಾತಿಗೆ ಬೀಳುತ್ತದೆ. ಕೆಳಗೆ ಆಸರೆ ಕೊಟ್ಟು, ಸಜ್ಜಾ ಮೊದಲು ತೆಗೆದು, ಆಮೇಲೆ ಗೋಡೆ ಒಡೆಯಬೇಕು. ಇದನ್ನು ನೀವು ಕೇಳುವ ಮುಂಚೆಯೇ ಹೇಳುವ ಕಂಟ್ರಾಕ್ಟರ್ ಸಿಕ್ಕರೆ ಐವತ್ತು ಸಾವಿರ ಜಾಸ್ತಿ ಕೇಳಿದರೂ ಬಿಡಬೇಡಿ.

‘ಹಿಟಾಚಿ ತಂದು ನಾಲ್ಕು ದಿನದಲ್ಲಿ ಎಳೆದುಹಾಕ್ತೀವಿ’ ಅನ್ನುವವರಿದ್ದಾರೆ. ಮಾಮೂಲಿ 20 ಟನ್ನಿನ ಹಿಟಾಚಿಯ ಕೈ ಸುಮಾರು 9 ರಿಂದ 10 ಮೀಟರ್ ಎತ್ತರ ಮುಟ್ಟುತ್ತದೆ, ಮುಂದೆ ಕಾಂಕ್ರೀಟ್ ಒಡೆಯುವ ಬ್ರೇಕರ್ ಕಟ್ಟಿ ಕೆಲಸ ಮಾಡುವಾಗ ಅಷ್ಟೂ ಇಲ್ಲ. ನಿಮ್ಮ ಕಟ್ಟಡ ಪ್ಯಾರಪೆಟ್ ಸೇರಿ ಅದಕ್ಕಿಂತ ಎತ್ತರ ಇರುತ್ತದೆ. ಮೇಲೆ ಕೈ ಎಟುಕದಿದ್ದರೆ ಕೆಳಗಿನ ಪಿಲ್ಲರ್ ಹೊಡೆಯುವ ಆಸೆ ಬರುತ್ತದೆ, ಆಗ ಕಟ್ಟಡ ಯಾವ ಕಡೆ ಬೀಳುತ್ತೆ ಅನ್ನೋದು ಯಾರ ಕೈಯಲ್ಲೂ ಇಲ್ಲ. ಎರಡೂ ಪಕ್ಕ ಅಂಗಡಿ ಇರುವ ಜಾಗದಲ್ಲಿ ಮೇಲಿನ ಎರಡು ಅಂತಸ್ತು ಕೈಯಿಂದ, ಸಣ್ಣ ಬ್ರೇಕರ್‌ನಿಂದ ತೆಗೆಸಿ, ಕೆಳಗಿಳಿದ ಮೇಲೆ ದೊಡ್ಡ ಮೆಷಿನ್ ತರಿಸೋದು ಸರಿಯಾದ ದಾರಿ.

ಸಣ್ಣ ಮೆಷಿನ್ನನ್ನು ಕ್ರೇನಿನಿಂದ ಮೇಲಿನ ಸ್ಲ್ಯಾಬಿಗೇ ಏರಿಸುವವರೂ ಇದ್ದಾರೆ. ಅಂಗಡಿಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 400 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಒಡೆದ ಕಾಂಕ್ರೀಟ್ ಮೊಣಕಾಲೆತ್ತರ ಬಿದ್ದರೆ ಅದೇ 800 ಕಿಲೋ ಆಯ್ತು! ಅದರ ಮೇಲೆ ಮೆಷಿನ್ ಬೇರೆ. ಹಾಗಾಗಿ ಡೆಬ್ರಿ, ಅಂದರೆ ಒಡೆದ ಅವಶೇಷ, ದಿನಾ ಸಂಜೆ ಕೆಳಗಿಳಿಯಬೇಕು, ಮೆಷಿನ್ ಮೇಲೇರಬೇಕಾದರೆ ಕೆಳಗಿನ ಅಂತಸ್ತುಗಳಲ್ಲಿ ಸ್ಲ್ಯಾಬಿಗೆ ಆಸರೆ ಜಾಕ್ ಕೊಡಿಸಿ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿದ ಕಾಗದ ಇರಬೇಕು. ಸಂಪು, ಸೆಪ್ಟಿಕ್ ಟ್ಯಾಂಕ್, ಹಳೇ ಬಾವಿ ಎಲ್ಲೆಲ್ಲಿವೆ ಅಂತ ನೆಲದ ಮೇಲೆ ಬಣ್ಣದಲ್ಲಿ ಗುರುತು ಮಾಡಿ ಕೊಡಿ. 20 ಟನ್ ಮೆಷಿನ್ ಸಂಪಿನ ಮುಚ್ಚಳದ ಮೇಲೆ ಹತ್ತಿದರೆ ಆಪರೇಟರ್ ಗತಿ ಏನು?

ಕರಾರು ಮಾಡಿಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಬರೆಸಬೇಕಾದ್ದು ಕೆಲಸ ಎಲ್ಲಿಗೆ ಮುಗಿಯುತ್ತೆ ಅನ್ನೋದು. ಪಾಯವೂ ತೆಗೀಬೇಕಾ, ಎಷ್ಟು ಆಳದವರೆಗೆ, ಸಂಪು ಒಡೆದು ಮಣ್ಣು ತುಂಬಬೇಕಾ, ನೆಲ ಸಮ ಮಾಡಿ ಕೊಡಬೇಕಾ. ಸಾಮಾನು ತಗೊಂಡು ದುಡ್ಡು ಕೊಡುವ ಕರಾರಿನಲ್ಲಿ ಒಂದು ತೊಂದರೆ ಪದೇ ಪದೇ ಬರುತ್ತದೆ. ಲಾಭ ಇರುವ ಕಬ್ಬಿಣ ಎಲ್ಲಾ ಹೋದ ಮೇಲೆ, ಪಾಯ ಮತ್ತು ಡೆಬ್ರಿ ಉಳಿದಾಗ, ಕಂಟ್ರಾಕ್ಟರ್ ಫೋನ್ ಎತ್ತೋದಿಲ್ಲ. ಅದಕ್ಕೆ ಅವರಿಂದಲೇ ಒಂದು ಠೇವಣಿ ಇಟ್ಟುಕೊಳ್ಳಿ, ಜಾಗ ಖಾಲಿಯಾಗಿ ಸಮ ಆದ ಮೇಲೆ ವಾಪಸ್ ಅಂತ ಬರೆಸಿ. ನೀವೇ ದುಡ್ಡು ಕೊಡುವ ಕರಾರಾದರೆ ಮುಂಗಡ ಕಡಿಮೆ ಇರಲಿ, ಒಂದೊಂದು ಅಂತಸ್ತು ಇಳಿದಂತೆ ಒಂದೊಂದು ಕಂತು, ಕೊನೇ ಕಂತು ಡೆಬ್ರಿ ಹೋದ ಮೇಲೆ. ಪ್ರತಿ ಲೋಡಿಗೂ ತೂಕದ ಚೀಟಿ, ಸುರಿದ ಜಾಗದ ರಸೀದಿ ಬೇಕು. ಅಪ್ಪನ ಕಾಲದ ತೇಗದ ಬಾಗಿಲೋ ಮತ್ತೇನೋ ನಿಮಗೆ ಬೇಕಿದ್ದರೆ ಈಗಲೇ ಹೆಸರಿಟ್ಟು ಬರೆಸಿ, ಆಮೇಲೆ ಜಗಳ ಬೇಡ. ನಿಮ್ಮನ್ನು ಕೇಳದೆ ಕೆಲಸ ಇನ್ನೊಬ್ಬರಿಗೆ ದಾಟಿಸಬಾರದು ಅನ್ನೋದೂ ಇರಲಿ. ಕಾರ್ಮಿಕರ ಪರಿಹಾರದ ವಿಮೆ, ಪಕ್ಕದವರಿಗೆ ಹಾನಿಯಾದರೆ ಕೊಡುವ ವಿಮೆ, ಎರಡರ ಪಾಲಿಸಿ ಪ್ರತಿ ಕೈಗೆ ಬಂದ ಮೇಲೇ ಮೊದಲ ಸುತ್ತಿಗೆ ಏಟು ಬೀಳಲಿ. ಪಾಲಿಸಿಯಲ್ಲಿ ಕೆಡವುವ ಕೆಲಸ ಸೇರಿದೆಯಾ ಅಂತ ಓದಿ ನೋಡಿ, ಕಟ್ಟುವ ಕೆಲಸಕ್ಕೆ ಮಾತ್ರ ಇರುವ ಪಾಲಿಸಿ ತೋರಿಸುವವರಿದ್ದಾರೆ.

‘ಏನಾದ್ರೂ ಆದ್ರೆ ಕಂಟ್ರಾಕ್ಟರೇ ಹೊಣೆ’ ಅಂತ ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ತಾವು ಪಾರು ಅಂತ ಬಹಳ ಮಾಲೀಕರು ತಿಳಿದಿದ್ದಾರೆ. ಅದು ನಿಮ್ಮಿಬ್ಬರ ನಡುವಿನ ದುಡ್ಡಿನ ಲೆಕ್ಕಕ್ಕೆ ಮಾತ್ರ. ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಮು ಕಟ್ಟಡ ಕೆಡವುವಾಗಿನ ನಿರ್ಲಕ್ಷ್ಯದ ಬಗ್ಗೆಯೇ ಇದೆ. ಯಾರಾದರೂ ಸತ್ತರೆ ಅದಕ್ಕಿಂತ ದೊಡ್ಡ ಕಲಮುಗಳೂ ಬರುತ್ತವೆ, ಎಫ್‌ಐಆರ್‌ನಲ್ಲಿ ಮಾಲೀಕರ ಹೆಸರು ಸೇರೋದೂ ಹೊಸದಲ್ಲ.

ಹಾಗಾದರೆ ಮೂವರಲ್ಲಿ ಯಾರು? ಆರು ಲಕ್ಷ ಕೇಳಿದವರು ಒಳ್ಳೆಯವರು ಅಂತ ನಾನು ಹೇಳ್ತಿಲ್ಲ, ಜಾಸ್ತಿ ಕೇಳಿದ ಮಾತ್ರಕ್ಕೆ ಕೆಲಸ ಚೆನ್ನಾಗಿರಬೇಕಿಲ್ಲ. ಮೂವರಿಂದಲೂ ಒಡೆಯುವ ಕ್ರಮ, ಡೆಬ್ರಿ ಹೋಗುವ ಜಾಗ, ವಿಮೆ, ಕೆಲಸ ಮುಗಿಯುವ ಹಂತ ಬರಹದಲ್ಲಿ ಕೇಳಿ. ಅದಾದ ಮೇಲೆ ರೇಟ್ ಮತ್ತೆ ಕೊಡಲಿ. ಮೂವರ ರೇಟೂ ಹತ್ತಿರ ಹತ್ತಿರ ಬರುತ್ತದೆ, ಇಲ್ಲಾ ಒಬ್ಬರು ಬರೆಯದೆ ಜಾರಿಕೊಳ್ತಾರೆ. ನೀವು ಆರಿಸುವ ಕಂಟ್ರಾಕ್ಟರ್ ಹಿಂದೆ ಕೆಡವಿದ ಒಂದು ಜಾಗಕ್ಕೆ ಹೋಗಿ, ಅಲ್ಲಿಯ ಮಾಲೀಕರನ್ನಲ್ಲ, ಪಕ್ಕದ ಅಂಗಡಿಯವರನ್ನು ಮಾತಾಡಿಸಿ. ಕಟ್ಟಡದ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ, ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರ ಸಹಿ. ಹೆಸ್ಕಾಂನಲ್ಲಿ ಕಾಯಂ ಸಂಪರ್ಕ ಕಡಿತಕ್ಕೆ ಅರ್ಜಿ ಹಾಕಿ, ಮೀಟರ್ ಕೊಟ್ಟು, ಠೇವಣಿ ವಾಪಸ್ ಕೇಳಿ. ಜಿಎಸ್‌ಟಿ, ಟಿಡಿಎಸ್ ಲೆಕ್ಕವನ್ನು ನಿಮ್ಮ ಆಡಿಟರ್ ಹತ್ರ ಮೊದಲೇ ಕೇಳಿಕೊಳ್ಳಿ, ಗುಜರಿ ಮಾರಾಟಕ್ಕೂ ತೆರಿಗೆ ಇದೆ.

ಪ್ರಶ್ನೆ: ಮೈಸೂರಿನ ಹಳೇ ಪೇಟೆ ಭಾಗದಲ್ಲಿ ನಮ್ಮದು ಮದ್ರಾಸ್ ತಾರಸಿಯ ಎರಡಂತಸ್ತಿನ ಮಳಿಗೆ. ಪಕ್ಕದ ಮಳಿಗೆಗೂ ನಮಗೂ ನಡುವೆ ಒಂದೇ ಗೋಡೆ. ನಾವು ಕೆಡವಿದರೆ ಅವರ ಗೋಡೆ ಬಿರುಕು ಬಿಡುತ್ತೆ ಅಂತ ಈಗಲೇ ನೋಟಿಸ್ ಕಳಿಸಿದ್ದಾರೆ. ಕಂಟ್ರಾಕ್ಟರ್ ‘ಏನೂ ಆಗಲ್ಲ ಮೇಡಂ’ ಅಂತಾರೆ. (ಓದುಗರು, ಮೈಸೂರು)

ಉತ್ತರ: ಮೇಡಂ, ಪಕ್ಕದವರ ಭಯ ಸರಿಯಾಗಿಯೇ ಇದೆ. ಅವರ ಮೇಲೆ ಕೋಪ ಮಾಡಿಕೊಳ್ಳದೆ ಕೆಲಸಕ್ಕೆ ಜೊತೆಗೆ ಸೇರಿಸಿಕೊಳ್ಳಿ. ಮದ್ರಾಸ್ ತಾರಸಿ ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿ ಮಾಡಿದ್ದು; ಆ ತೊಲೆಗಳ ತುದಿ ಆ ನಡುಗೋಡೆಯೊಳಗೆ ಹೂತಿರುತ್ತವೆ. ಮೆಷಿನ್ ಹಾಕಿ ತೊಲೆ ಎಳೆದರೆ ಗೋಡೆಯೂ ಅದರ ಹಿಂದೆಯೇ ಬರುತ್ತದೆ. ತೊಲೆಯನ್ನು ಗೋಡೆಯಿಂದ ಒಂದಡಿ ದೂರಕ್ಕೆ ಗರಗಸದಲ್ಲಿ ಕೊಯ್ದು, ಒಳಗೆ ಉಳಿದ ತುಂಡನ್ನು ನಿಧಾನಕ್ಕೆ ಬಿಡಿಸಿ, ಆ ಗೂಡನ್ನು ಅದೇ ದಿನ ಇಟ್ಟಿಗೆಯಲ್ಲಿ ಮುಚ್ಚಬೇಕು. ನಡುಗೋಡೆಯ ಹತ್ತಿರದ ಕೆಲಸ ಪೂರ್ತಿ ಕೈಯಿಂದಲೇ ಆಗಬೇಕು.

ಇನ್ನೊಂದು ವಿಷಯ ಜನಕ್ಕೆ ಹೊಳೆಯೋದಿಲ್ಲ. ನಿಮ್ಮ ತಾರಸಿ ಬರೀ ತಾರಸಿಯಲ್ಲ, ಆ ಎತ್ತರದ ಗೋಡೆಗೆ ಅಡ್ಡ ಆಸರೆಯೂ ಹೌದು. ಅದು ಹೋದ ಮೇಲೆ ಮಣ್ಣುಗಾರೆಯ ಗೋಡೆ ಒಂಟಿಯಾಗಿ ನಿಲ್ಲುತ್ತದೆ. ತಾರಸಿ ಇಳಿಸುವ ಮುಂಚೆಯೇ ನಿಮ್ಮ ಕಡೆಯಿಂದ ಓರೆ ಆಸರೆ ನಿಲ್ಲಿಸಿ, ಹೊಸ ಕಟ್ಟಡ ಮೇಲೇಳುವವರೆಗೂ ತೆಗೆಯಬೇಡಿ. ಇಷ್ಟು ವರ್ಷ ಒಳಗಿದ್ದ ಗೋಡೆಯ ಮೈ ಈಗ ಮಳೆಗೆ ತೆರೆದುಕೊಳ್ಳುತ್ತದೆ, ಅದಕ್ಕೊಂದು ಗಿಲಾವು ಮಾಡಿಸಿಕೊಡೋದು ನಿಮ್ಮ ಜವಾಬ್ದಾರಿ.

ಶುರು ಮಾಡುವ ಮುಂಚೆ ಪಕ್ಕದವರ ಮಳಿಗೆಯ ಒಳಗಿನ ಪ್ರತಿ ಗೋಡೆಯ ಫೋಟೋ ತೆಗೆದು, ಈಗಾಗಲೇ ಇರುವ ಬಿರುಕಿನ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿನ ಅಡ್ಡಕ್ಕೆ ಒಂದು ಸಣ್ಣ ಗಾಜಿನ ಪಟ್ಟಿ ಅಂಟಿಸಿಬಿಡಿ. ಗಾಜು ಒಡೆದರೆ ಗೋಡೆ ಅಲ್ಲಾಡಿದೆ ಅಂತ ಅರ್ಥ, ಆ ಕ್ಷಣ ಕೆಲಸ ನಿಲ್ಲಬೇಕು. ಇಬ್ಬರೂ ಸಹಿ ಹಾಕಿದ ಈ ದಾಖಲೆ ನಾಳೆ ಇಬ್ಬರನ್ನೂ ಕಾಯುತ್ತದೆ.

ಹಾಗೆಯೇ ನಿಮ್ಮ ಮಳಿಗೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲೋ ಆ ವಲಯದಲ್ಲೋ ಇದೆಯಾ ಅಂತ ಮೊದಲು ವಿಚಾರಿಸಿ. ಹಳೇ ಗಾರೆಯ ಕಟ್ಟಡ ಹೇಗೆ ಹೇಳದೆ ಕೇಳದೆ ಕುಸಿಯುತ್ತೆ ಅನ್ನೋದು ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ‘ಏನೂ ಆಗಲ್ಲ’ ಅಂದವರು ಆ ಮಾತನ್ನು ಕಾಗದದ ಮೇಲೆ ಬರೆದುಕೊಡ್ತಾರಾ ಕೇಳಿ ನೋಡಿ.

ಪ್ರಶ್ನೆ: ನಮ್ಮ ಊರಿನ ಹಳೇ ಟಾಕೀಸನ್ನು ಕೊಂಡಿದ್ದೇವೆ. ಕೆಡವಿ ಮದುವೆ ಮಂಟಪ ಮಾಡುವ ಯೋಚನೆ. ಮೇಲೆ ಛಾವಣಿ ಹೊರುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರಸ್, ಅದಕ್ಕೆ ಸಿಮೆಂಟ್ ಶೀಟ್. ಶೀಟ್ ಒಡೆದು ಕೆಳಗೆ ಹಾಕಿಬಿಟ್ಟರೆ ಟ್ರಸ್ ಬಿಚ್ಚೋದು ಸಲೀಸು ಅಂತ ಗುಜರಿಯವರೇ ಕೆಲಸ ಒಪ್ಪಿಕೊಳ್ಳೋಕೆ ತಯಾರಿದ್ದಾರೆ. ಕೊಡಬಹುದಾ? (ಓದುಗರು, ಶಿವಮೊಗ್ಗ ಜಿಲ್ಲೆ)

ಉತ್ತರ: ಬೇಡ. ಟಾಕೀಸು ಮಾಮೂಲಿ ಕಟ್ಟಡಕ್ಕಿಂತ ಅಪಾಯದ್ದು.

ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಶೀಟ್ ಇದ್ದ ಹಾಗೇ ಇದ್ದರೆ ದೊಡ್ಡ ತೊಂದರೆ ಇಲ್ಲ, ಒಡೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುವುದು ಖಚಿತವಾಗಿ ಗೊತ್ತಿರುವ ವಿಷಯ, ರೋಗ ಕಾಣಿಸಿಕೊಳ್ಳೋದು ಎಷ್ಟೋ ವರ್ಷ ಆದ ಮೇಲೆ. ಶೀಟ್‌ಗೆ ಮೊದಲು ನೀರು ಹೊಡೆದು ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಹಗ್ಗದಲ್ಲಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮಾಸ್ಕೇ ಬೇಕು. ಎಲ್ಲಿ ಹಾಕಬೇಕು ಅನ್ನೋದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಕಚೇರಿಯಲ್ಲಿ ಕೇಳಿ, ಇದು ಅಪಾಯಕಾರಿ ತ್ಯಾಜ್ಯದ ನಿಯಮಕ್ಕೆ ಬರುವ ವಸ್ತು. ಇನ್ನು ಹಳೇ ಶೀಟಿನ ಮೇಲೆ ಯಾರೂ ನೇರ ಕಾಲಿಡಬಾರದು. ಬಿಸಿಲು ಮಳೆಗೆ ಪೆಡಸಾಗಿರುತ್ತದೆ, ಕಾಲು ಇಟ್ಟ ಕಡೆ ಮುರಿದು ಮನುಷ್ಯ ಮೂವತ್ತಡಿ ಕೆಳಗೆ. ಹಲಗೆ ಹಾಸಿಕೊಂಡು, ಮೈಪೂರ್ತಿ ಹಿಡಿಯುವ ಸುರಕ್ಷತಾ ಬೆಲ್ಟ್ ಕಟ್ಟಿಕೊಂಡೇ ಹೋಗಬೇಕು.

ಟ್ರಸ್ ಬಿಚ್ಚೋದೂ ಸಲೀಸಲ್ಲ. ಟ್ರಸ್‌ಗಳು ನೆಟ್ಟಗೆ ನಿಂತಿರೋದು ಅಡ್ಡ ಹಾಯ್ದ ಪಟ್ಟಿಗಳು, ಅಂದರೆ ಪರ್ಲಿನ್‌ಗಳು, ಒಂದಕ್ಕೊಂದನ್ನು ಹಿಡಿದಿರೋದ್ರಿಂದ. ಎಲ್ಲಾ ಪರ್ಲಿನ್ ಒಟ್ಟಿಗೆ ಕತ್ತರಿಸಿದರೆ ಒಂದು ಟ್ರಸ್ ವಾಲಿ ಪಕ್ಕದ್ದಕ್ಕೆ ಬಡಿದು ಸಾಲಾಗಿ ಮಗುಚಿಕೊಳ್ತವೆ. ಒಂದೊಂದು ಟ್ರಸ್‌ನ್ನು ಕ್ರೇನ್ ಹಿಡಿದುಕೊಂಡ ಮೇಲೇ ಅದರ ಕೊನೇ ಬೋಲ್ಟಿಗೆ ಗ್ಯಾಸ್ ಕಟಿಂಗ್ ಮಾಡಬೇಕು. ಬಾಲ್ಕನಿ ಕೆಳಗೆ ಕಂಬ ಇಲ್ಲದೆ ಮುಂದಕ್ಕೆ ಚಾಚಿದ್ದರೆ ಮೇಲೆ ಹೇಳಿದ ಸಜ್ಜಾ ಲೆಕ್ಕವೇ, ಇನ್ನೂ ದೊಡ್ಡದು. ಛಾವಣಿ ಹೋದ ಮೇಲೆ ಆ ಉದ್ದುದ್ದ ಗೋಡೆಗಳಿಗೆ ಹಿಡಿತ ಇರೋದಿಲ್ಲ, ನಿಮ್ಮ ಮಲೆನಾಡಿನ ಗಾಳಿ ಮಳೆಗೆ ಅವನ್ನು ಬಿಟ್ಟರೆ ಕಷ್ಟ. ಕೆಲಸ ದಸರಾ ಕಳೆದ ಮೇಲೆ ಶುರು ಮಾಡಿ. ಗುಜರಿಯವರು ಬಿಚ್ಚಿದ ಕಬ್ಬಿಣ ಕೊಳ್ಳಲಿ, ಬಿಚ್ಚುವ ಕೆಲಸ ಟ್ರಸ್ ಏರಿಸಿ ಅನುಭವ ಇರುವ ಫ್ಯಾಬ್ರಿಕೇಷನ್ ತಂಡಕ್ಕೆ ಕೊಡಿ. ಏರಿಸಿದವರಿಗೆ ಇಳಿಸೋದೂ ಗೊತ್ತಿರುತ್ತದೆ.

ಪ್ರಶ್ನೆ: ಟಿವಿಯಲ್ಲಿ ತೋರಿಸ್ತಾರಲ್ಲ, ಬಟನ್ ಒತ್ತಿದರೆ ಕಟ್ಟಡ ಕೂತೇಬಿಡುತ್ತೆ. ನಮ್ಮ ಆರಂತಸ್ತಿನ ಹೋಟೆಲ್ ಕಟ್ಟಡಕ್ಕೆ ಹಾಗೆ ಮಾಡಿಸಬಹುದಾ? (ಓದುಗರು, ಮಂಗಳೂರು)

ಉತ್ತರ: ಕೊಚ್ಚಿಯ ಮರಡುವಿನಲ್ಲಿ 2020ರ ಜನವರಿಯಲ್ಲಿ, ನೋಯ್ಡಾದ ಅವಳಿ ಗೋಪುರಕ್ಕೆ 2022ರ ಆಗಸ್ಟ್ 28ರಂದು ಹಾಗೆ ಮಾಡಿದ್ದು. ಎರಡೂ ಸುಪ್ರೀಂ ಕೋರ್ಟ್ ಆದೇಶದ ಮೇಲೆ ನಡೆದ ಕೆಲಸ. ನೋಯ್ಡಾದಲ್ಲಿ ಸುಮಾರು 3,700 ಕಿಲೋ ಸ್ಫೋಟಕ ಬಳಸಿದರು, ವಿದೇಶಿ ತಜ್ಞರು ಬಂದಿದ್ದರು, ಸುತ್ತಲಿನ ಸಾವಿರಾರು ಜನರನ್ನು ಮನೆ ಬಿಡಿಸಿದ್ದರು. ಕೂತುಬಿಟ್ಟ ಮೇಲೂ ಡೆಬ್ರಿ ಸಾಗಿಸೋಕೆ ತಿಂಗಳುಗಳೇ ಬೇಕಾದವು. ಆರಂತಸ್ತಿನ ಹೋಟೆಲಿಗೆ, ಅದೂ ಪೇಟೆ ನಡುವೆ, ಇದು ಹೊಂದೋದಿಲ್ಲ. ಉದ್ದ ಕೈಯ ಮೆಷಿನ್ ಇರುವ ಕಂಪನಿ ಹುಡುಕಿ, ಅಥವಾ ಮೇಲಿಂದ ಅಂತಸ್ತು ಅಂತಸ್ತಾಗಿ ಇಳಿಸಿ.

ಪ್ರಶ್ನೆ: ಹತ್ತು ಅಂಗಡಿಗಳಲ್ಲಿ ಒಂಬತ್ತು ಖಾಲಿಯಾಗಿವೆ. ಒಬ್ಬ ಬಾಡಿಗೆದಾರರು ಬಿಡ್ತಿಲ್ಲ. ‘ಅವರ ಅಂಗಡಿ ಬಿಟ್ಟು ಉಳಿದದ್ದು ಒಡೀತೀನಿ, ಧೂಳಿಗೆ ಅವರೇ ಓಡ್ತಾರೆ’ ಅಂತಾರೆ ಕಂಟ್ರಾಕ್ಟರ್. (ಓದುಗರು, ದಾವಣಗೆರೆ)

ಉತ್ತರ: ಆ ಕಂಟ್ರಾಕ್ಟರನ್ನು ಇವತ್ತೇ ಬಿಟ್ಟುಬಿಡಿ. ಒಳಗೆ ಒಬ್ಬ ಮನುಷ್ಯ ಇರುವಾಗ ಮೇಲೆ ಸುತ್ತಿಗೆ ಏಟು ಹಾಕಿಸೋದು ವ್ಯಾಪಾರದ ಮಾತಲ್ಲ. ಅವರ ಕರೆಂಟು, ನೀರು ತೆಗೆಸೋದೂ ಬೇಡ. ಹೊಸ ಕಟ್ಟಡದಲ್ಲಿ ಜಾಗ ಕೊಡ್ತೀನಿ ಅಂತ ಬರೆದುಕೊಡಿ, ಅಲ್ಲಿಯವರೆಗೆ ಹತ್ತಿರ ಒಂದು ಮಳಿಗೆ ನೋಡಿಕೊಡಿ. ಆಗಲಿಲ್ಲ ಅಂದರೆ ವಕೀಲರ ಮೂಲಕ ಕೋರ್ಟಿಗೆ ಹೋಗಿ. ತಡವಾಗುತ್ತೆ, ನಿಜ. ಆದರೂ ಬೇರೆ ದಾರಿ ಇಲ್ಲ.

ಪ್ರಶ್ನೆ: ಒಡೆದ ಕಾಂಕ್ರೀಟು, ಇಟ್ಟಿಗೆ, ಸರಳು ಹೊಸ ಕಟ್ಟಡಕ್ಕೇ ಬಳಸಬಹುದಾ? (ಓದುಗರು, ಬೆಂಗಳೂರು)

ಉತ್ತರ: ಕಾಂಕ್ರೀಟನ್ನು ಪುಡಿ ಮಾಡಿ ಜರಡಿ ಹಿಡಿದರೆ ಜಲ್ಲಿಯಾಗುತ್ತದೆ. ಕಾಂಕ್ರೀಟಿನ ಜಲ್ಲಿ, ಮರಳಿನ ಮಾನದಂಡವಾದ ಐಎಸ್ 383ರ 2016ರ ಆವೃತ್ತಿಯಲ್ಲಿ ಇದಕ್ಕೆ ಅನುಮತಿ ಇದೆ. ಎಂ25 ದರ್ಜೆಯ ಬಲದವರೆಗಿನ ಆರ್‌ಸಿಸಿಗೆ ಜಲ್ಲಿಯಲ್ಲಿ 20 ಶೇಕಡಾ, ಸರಳಿಲ್ಲದ ಕಾಂಕ್ರೀಟಿಗೆ 25 ಶೇಕಡಾ, ಪಾಯದ ಕೆಳಗಿನ ಬೆಡ್ ಕಾಂಕ್ರೀಟಿಗೆ ಪೂರ್ತಿಯೂ ಹಾಕಬಹುದು. ಸೈಟಿನಲ್ಲೇ ಸುತ್ತಿಗೆಯಲ್ಲಿ ಕುಟ್ಟಿದ ತುಂಡುಗಳಿಗೆ ಈ ಲೆಕ್ಕ ಅಲ್ಲ, ಸಂಸ್ಕರಣಾ ಘಟಕದಿಂದ ಪರೀಕ್ಷೆಯಾಗಿ ಬಂದದ್ದಕ್ಕೆ. ಬೆಂಗಳೂರಲ್ಲಿ ಚಿಕ್ಕಜಾಲದ ಕಡೆ ಅಂಥ ಘಟಕ ಇದೆ. ಸುಣ್ಣದ ಗಾರೆಯ ಹಳೇ ಇಟ್ಟಿಗೆ ಬಿಡಿಸಿದರೆ ಇಡಿಯಾಗಿ ಸಿಗುತ್ತದೆ, ಕಾಂಪೌಂಡಿಗೆ ಚೆನ್ನಾಗಿ ಆಗುತ್ತದೆ. ಸಿಮೆಂಟ್ ಗಾರೆಯದ್ದು ಬಿಡಿಸೋ ಹೊತ್ತಿಗೆ ಇಟ್ಟಿಗೆಯೇ ಒಡೆದುಹೋಗುತ್ತದೆ. ಹಳೇ ಸರಳು ಮಾತ್ರ ನೆಟ್ಟಗೆ ಮಾಡಿಸಿ ಹಾಕಿಸಬೇಡಿ, ಬಗ್ಗಿ ಎದ್ದ ಕಬ್ಬಿಣದ ಬಲದ ಮೇಲೆ ಭರವಸೆ ಇಡೋಕಾಗಲ್ಲ. ಅದು ಗುಜರಿಗೇ ಹೋಗಲಿ.

ಪ್ರಶ್ನೆ: ನನ್ನ ತಮ್ಮ ಬೆಂಗಳೂರಲ್ಲಿ ಬಿಲ್ಡಿಂಗ್ ಒಡೆಯೋ ಕೆಲಸಕ್ಕೆ ಹೋಗ್ತಾನ್ರಿ. ಫೋಟೋ ಕಳಿಸಿದ್ದ, ಮೂರನೇ ಮಹಡಿ ಸ್ಲ್ಯಾಬ್ ಮೇಲೆ ನಿಂತು ಅದೇ ಸ್ಲ್ಯಾಬ್ ಒಡೀತಿದ್ದ, ಕಾಲಿಗೆ ಹವಾಯಿ ಚಪ್ಪಲಿ. ನನಗ ಹೆದರಿಕಿ ಆಗೇತಿ. ಅವನಿಗೆ ಏನು ಹೇಳ್ಲಿ? (ಓದುಗರು, ರಾಯಚೂರು ಜಿಲ್ಲೆ)

ಉತ್ತರ: ನಿಮ್ಮ ಪತ್ರ ಓದಿ ಬಹಳ ಹೊತ್ತು ಬೇರೆ ಕೆಲಸ ಮಾಡೋಕಾಗಲಿಲ್ಲ ಅಕ್ಕಾ. ಮೇಲೆ ಪತ್ರ ಬರೆದ ಮಾಲೀಕರೆಲ್ಲ ನಿಮ್ಮ ಪ್ರಶ್ನೆಯನ್ನೂ ಓದಲಿ ಅಂತಲೇ ಇಲ್ಲಿ ಹಾಕಿದ್ದೇವೆ. ರೇಟ್ ಕಡಿಮೆ ಮಾಡಿಸಿದಾಗ ಕಂಟ್ರಾಕ್ಟರ್ ಮೊದಲು ಕಡಿತ ಮಾಡೋದು ಬೆಲ್ಟು, ಶೂ, ಆಸರೆ ಜಾಕುಗಳನ್ನೇ.

ತಮ್ಮನಿಗೆ ಇಷ್ಟು ಹೇಳಿ. ಒಡೆಯುವ ತುಂಡಿನ ಮೇಲೆ ಯಾವತ್ತೂ ನಿಲ್ಲಬಾರದು, ಬೀಮಿನ ಕಡೆ, ಇನ್ನೂ ಗಟ್ಟಿಯಾಗಿ ಕೂತಿರುವ ಭಾಗದ ಮೇಲೆ ನಿಂತು ತನ್ನಿಂದ ದೂರದ್ದನ್ನು ಒಡೆಯಬೇಕು. ಕಾಂಕ್ರೀಟ್ ಉದುರಿದ ಮೇಲೂ ಸರಳು ತುಂಡನ್ನು ಹಿಡಿದಿರುತ್ತದೆ, ಸರಳು ಕತ್ತರಿಸುವ ಹೊತ್ತಿಗೆ ಕೆಳಗೆ ಯಾರೂ ಇರಬಾರದು. ಬೆಲ್ಟಿನ ಕೊಕ್ಕೆಯನ್ನು ಒಡೆಯುತ್ತಿರುವ ಸ್ಲ್ಯಾಬಿನ ಸರಳಿಗೆ ಸಿಕ್ಕಿಸಿದರೆ ಪ್ರಯೋಜನ ಇಲ್ಲ, ಒಡೆಯದೆ ಉಳಿದಿರುವ ಪಿಲ್ಲರಿಗೆ ಹಗ್ಗ ಕಟ್ಟಿ ಅದಕ್ಕೆ ಹಾಕಬೇಕು. ಹೆಲ್ಮೆಟ್, ಶೂ, ಬೆಲ್ಟ್ ಕೊಡೋದು ಕೆಲಸ ಕೊಟ್ಟವರ ಜವಾಬ್ದಾರಿ, ಕೇಳೋಕೆ ಸಂಕೋಚ ಬೇಡ. ಕೊಡದಿದ್ದರೆ ಆ ಸೈಟ್ ಬಿಡಲಿ. ಒಂದು ವಾರದ ಪಗಾರ ಹೋದರೂ ಹೋಗಲಿ.

ಇನ್ನೊಂದು ಕೆಲಸ ಇದೇ ತಿಂಗಳು ಮಾಡಿಸಿ. ಒಡೆಯುವ ಕೆಲಸದವರೂ ಕಟ್ಟಡ ಕಾರ್ಮಿಕರೇ. ವಯಸ್ಸು 18ರಿಂದ 60ರೊಳಗೆ ಇದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಹತ್ತಿರದ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳ್ತಾರೆ. ಕಾರ್ಡ್ ಇದ್ದರೆ ಅಪಘಾತಕ್ಕೆ, ಆಸ್ಪತ್ರೆ ಖರ್ಚಿಗೆ, ಮಕ್ಕಳ ಓದಿಗೆ ನೆರವಿದೆ. ಅವಧಿ ಮುಗಿಯುವ ಮುಂಚೆ ನವೀಕರಣ ಮಾಡಿಸೋದು ಮರೆಯಬಾರದು.

ಮತ್ತೆ ಅವನು ಹೊಸ ಸೈಟಿಗೆ ಹೋದ ದಿನವೇ ಕಂಟ್ರಾಕ್ಟರ್ ಹೆಸರು, ಫೋನ್ ನಂಬರ್, ಕಟ್ಟಡದ ವಿಳಾಸ, ತಾನು ಅಲ್ಲಿ ನಿಂತಿರುವ ಒಂದು ಫೋಟೋ ನಿಮ್ಮ ಫೋನಿಗೆ ಕಳಿಸಲಿ. ಪಗಾರ ಕೈಗೆ ಕೊಟ್ಟರೂ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಲಿ. ಏನಾದರೂ ಆದಾಗ ‘ಇವನು ನಮ್ಮ ಕೆಲಸದವನೇ ಅಲ್ಲ’ ಅಂತ ಹೇಳಿ ಕೈತೊಳೆದುಕೊಳ್ಳೋಕೆ ಆಗದ ಹಾಗೆ ಆ ಫೋಟೋ, ಆ ಪುಸ್ತಕ ನಿಮ್ಮ ಹತ್ತಿರ ಇರಲಿ.